ಬಾನೆಟ್ಟಿನ ಅಡಿಯಲ್ಲಿ ಮಾಯಪ್ಪ

ಕಲ್ಲೋಳಿಯ ಮಾಯಪ್ಪನ ಎತ್ತರ ಐದು ಅಡಿಗೆ ಎರಡು ಬೆರಳು ಕಡಿಮೆ. ಇಪ್ಪತ್ತೆರಡು ವರ್ಷ ಮೆಕ್ಯಾನಿಕ್ ಕೆಲಸ ಮಾಡಿದರೂ ಅದರಿಂದ ಅವನಿಗೆ ಯಾವ ತೊಂದರೆಯೂ ಆಗಿರಲಿಲ್ಲ. ಬೈಕುಗಳು ನೆಲಕ್ಕೆ ಹತ್ತಿರ ಇರುತ್ತವೆ, ಟ್ರ್ಯಾಕ್ಟರಿನ ಎಂಜಿನ್ನಿಗೆ ಪಕ್ಕದಿಂದ ಕೈ ಹಾಕಬಹುದು. ಕೆಲವು ಗಾಡಿಗಳ ಕೆಳಗಂತೂ ಅವನು ಜಾಕ್ ಏರಿಸದೆಯೇ ನುಸುಳಿಬಿಡುತ್ತಿದ್ದ. ಉದ್ದನೆಯ ಮೆಕ್ಯಾನಿಕ್‌ಗಳನ್ನು ಕಂಡರೆ ಅವನಿಗೆ ಕನಿಕರ.

ಹೀಗಿರುವಾಗ ಕೌಜಲಗಿಯ ಭೀಮೇಶ ತನ್ನ ಪಿಕಪ್ ತಂದು ಅವನ ಗ್ಯಾರೇಜಿನ ಮುಂದೆ ನಿಲ್ಲಿಸಿದ. ಹೊಲದ ಕಾಲುವೆ ದಾಟಲೆಂದು ಅವನು ಅದಕ್ಕೆ ದೊಡ್ಡ ಗಾಲಿ ಹಾಕಿಸಿ, ಗಾಡಿಯನ್ನೇ ಒಂದು ಗೇಣು ಮೇಲಕ್ಕೆತ್ತಿಸಿದ್ದ. ಭೀಮೇಶನೋ ಆರು ಅಡಿ ಮೀರಿದ ಆಳು. ಗಾಡಿಯ ಎಂಜಿನ್ ಯಾರಿಗಾದರೂ ನಿಲುಕದೆ ಹೋದೀತು ಎಂಬ ಯೋಚನೆಯೇ ಅವನಿಗೆ ಬಂದಿರಲಿಲ್ಲ. ಮುಂಜಾನೆ ಗಾಡಿ ಬೇಗ ಶುರುವಾಗುವುದಿಲ್ಲ ಎಂಬುದು ಅವನ ದೂರು.

ಎಂಜಿನ್ ಬೆಚ್ಚಗೆ ಮಾಡುವ ಹೀಟರ್ ಪ್ಲಗ್ ಹೋಗಿರಬೇಕು ಎಂದ ಮಾಯಪ್ಪ. ಅಂಥವು ನಾಲ್ಕು. ಎಂಜಿನ್ ತಣ್ಣಗಾದ ಮೇಲೆ ಸ್ಟೂಲು ಹತ್ತಿ ಮೂರನ್ನು ಪರೀಕ್ಷಿಸಿದ, ಸರಿಯಿದ್ದವು. ನಾಲ್ಕನೆಯದು ಎಲ್ಲಕ್ಕಿಂತ ಹಿಂದೆ, ಕ್ಯಾಬಿನ್ನಿನ ಗೋಡೆಗೆ ಒತ್ತಿಕೊಂಡು, ಒಂದು ಪೈಪಿನ ಕೆಳಗೆ ಅಡಗಿ ಕೂತಿತ್ತು. ಬೆರಳಿಗೂ ಅದಕ್ಕೂ ಒಂದು ಗೇಣು ಅಂತರ. ಸ್ಟೂಲಿನ ಮೇಲೆ ಹಳೆಯ ಬ್ಯಾಟರಿ ಇಟ್ಟು ಹತ್ತಿದ, ಅರ್ಧ ಗೇಣು ಉಳಿಯಿತು. ಕೊನೆಗೆ ಪಕ್ಕದ ಕ್ಷೌರದಂಗಡಿಯ ಸುನೀಲನಿಂದ ತಿರುಗುವ ಕುರ್ಚಿ ಕೇಳಿ ತಂದು, ಪೂರ್ತಿ ಏರಿಸಿ, ಅದರ ಮೇಲೆ ನಿಂತ. ನಟ್ಟು ಬಿಚ್ಚುವ ಉದ್ದನೆಯ ಪಾನಾದ ತುದಿ ಪ್ಲಗ್ಗಿಗೆ ಹೇಗೋ ತಗುಲಿತು. ಬಲ ಹಾಕಿದ. ಪ್ಲಗ್ ತಿರುಗಲಿಲ್ಲ, ಮಾಯಪ್ಪ ತಿರುಗಿದ. ಮೂರು ಸಲ ಹೀಗೇ ಆಯಿತು. ಮೂರನೆಯ ಸಲ ಅವನ ಮುಖ ರಸ್ತೆಯ ಕಡೆಗಿತ್ತು, ಬಸ್ಸಿಗೆ ಕಾಯುತ್ತಿದ್ದವರೆಲ್ಲ ನೋಡುತ್ತಿದ್ದರು.

ನೀವು ಊಟ ಮಾಡಿ ಬನ್ನಿ ಎಂದು ಭೀಮೇಶನನ್ನು ಖಾನಾವಳಿಗೆ ಕಳಿಸಿದ. ಗಾಡಿಯ ಮುಂಭಾಗಕ್ಕೆ ಗೋಣಿಚೀಲ ಮಡಚಿ ಹಾಕಿ, ಅದರ ಮೇಲೆ ಬೋರಲಾಗಿ ಒಳಗೆ ಬಗ್ಗಿದ. ಇನ್ನೂ ನಾಲ್ಕು ಬೆರಳು ಬೇಕಿತ್ತು. ಮುಂದಕ್ಕೆ ಜಾರುವಾಗ ಮೊಣಕೈ ತಗುಲಿ ಬಾನೆಟ್ಟಿಗೆ ಆಸರೆ ಕೊಟ್ಟಿದ್ದ ಸರಳು ಕಳಚಿತು. ಬಾನೆಟ್ ಬಂದು ಅವನ ಬೆನ್ನಿನ ಮೇಲೆ ಕೂತಿತು. ಪೆಟ್ಟೇನೂ ಆಗಲಿಲ್ಲ, ಆದರೆ ಹಿಂದೆ ಸರಿಯಲು ಆಗಲಿಲ್ಲ. ಎರಡು ಕಾಲು ಮಾತ್ರ ಹೊರಗೆ ಜೋತಾಡುತ್ತಿದ್ದವು.

ಅಷ್ಟರಲ್ಲಿ ನಾಗನೂರಿನ ಮುದುಕ ಉದ್ದಪ್ಪ ಬೈಕು ತಳ್ಳಿಕೊಂಡು ಬಂದ. ಕಾಲುಗಳ ಎದುರು ನಿಂತು ಬಹಳ ಹೊತ್ತು ನೋಡಿದ.

"ಮಾಯಪ್ಪಾ, ಒಳಗ ನೀನ ಅದಿಯೇನು?"

"ನಾನ ಅದೇನಿ ಕಾಕಾ. ಕೆಲಸ ನಡದೈತಿ."

ಸಿಕ್ಕಿಬಿದ್ದಿದ್ದೇನೆ ಎನ್ನಲು ಮಾಯಪ್ಪನಿಗೆ ಮನಸ್ಸಾಗಲಿಲ್ಲ. ಉದ್ದಪ್ಪನೂ ದೊಡ್ಡ ಗಾಡಿಗಳ ಕೆಲಸ ಹೀಗೇ ಇರುತ್ತದೆಂದುಕೊಂಡು, ಸ್ಟೂಲು ಎಳೆದುಕೊಂಡು ಕೂತು, ತನ್ನ ಬೈಕಿನ ಕಥೆಯನ್ನು ಮೊದಲಿನಿಂದ ಆ ಕಾಲುಗಳಿಗೆ ಹೇಳತೊಡಗಿದ. ಹೌದೆನ್ನಬೇಕಾದಲ್ಲಿ ಮಾಯಪ್ಪ ಬಲಗಾಲು ಅಲ್ಲಾಡಿಸಿದ. ನಡುವೆ ಉದ್ದಪ್ಪನಿಗೆ ಉಪಕಾರದ ಬುದ್ಧಿ ಬಂತು.

"ಒಂದೀಟು ಗಾಡಿ ಶುರು ಮಾಡಿ ನೋಡ್ಲೇನು?"

ಎರಡೂ ಕಾಲುಗಳು ಜೋರಾಗಿ ಅಲ್ಲಾಡಿದವು. ಪುಣ್ಯಕ್ಕೆ ಕೀಲಿ ಭೀಮೇಶನ ಜೇಬಿನಲ್ಲಿತ್ತು.

ಹೆಂಡತಿ ಶಂಕ್ರವ್ವ ಬುತ್ತಿ ತಂದಳು. ಹದಿನೆಂಟು ವರ್ಷದಿಂದ ಆ ಕಾಲುಗಳನ್ನು ಬಲ್ಲವಳು. ಬುತ್ತಿ ಕೆಳಗಿಟ್ಟು, ಬಾನೆಟ್ಟಿನ ಸಂದಿಗೆ ಬಾಯಿ ಇಟ್ಟು, ಉದ್ದಪ್ಪನಿಗೆ ಕೇಳದಂತೆ ಕೇಳಿದಳು.

"ಸಿಕ್ಕೊಂಡೀರೇನ್ರಿ?"

"ಹೂಂ."

"ಎತ್ತಲೇನ್ರಿ?"

ಬಾನೆಟ್ಟಿನ ಭಾರಕ್ಕೆ ಮಾಯಪ್ಪ ಇನ್ನಷ್ಟು ಕೆಳಗೆ ಇಳಿದಿದ್ದ. ಪಾನಾ ಪೈಪಿನ ಕೆಳಗೆ ತೂರಿ ಪ್ಲಗ್ಗಿನ ಮೇಲೆ ಅರ್ಧ ಕೂತಿತ್ತು.

"ಈಗ ಎತ್ತಬ್ಯಾಡ," ಎಂದ. "ಮ್ಯಾಲಿಂದ ಇನ್ನೊಂದೀಟು ಒತ್ತು."

ಶಂಕ್ರವ್ವ ಸೆರಗು ಸಿಕ್ಕಿಸಿಕೊಂಡು ಎರಡೂ ಕೈಯಿಂದ ಒತ್ತಿದಳು. ಪಾನಾ ಪೂರ್ತಿ ಕೂತಿತು. ಕಿರ್ ಎಂದು ಪ್ಲಗ್ ಸಡಿಲಾಯಿತು.

ಖಾನಾವಳಿಯಿಂದ ಮರಳಿದ ಭೀಮೇಶನಿಗೆ ಕಂಡದ್ದು ಇಷ್ಟು: ಹೆಂಡತಿ ಗಂಡನನ್ನು ಎಂಜಿನ್ನಿಗೆ ಅದುಮುತ್ತಿದ್ದಾಳೆ, ಮುದುಕನೊಬ್ಬ ಹತ್ತಿರವೇ ಕೂತು ಬೈಕಿನ ಬ್ರೇಕಿನ ಬಗ್ಗೆ ಮಾತಾಡುತ್ತಿದ್ದಾನೆ. ಗಂಡ ಹೆಂಡಿರ ಜಗಳದಲ್ಲಿ ಬಾಯಿ ಹಾಕುವುದೋ ಬೇಡವೋ ಎಂದು ಅವನು ತುಸು ದೂರವೇ ನಿಂತ. ಒಳಗಿನಿಂದ ನಗು ಕೇಳಿದ ಮೇಲೆ ಓಡಿಬಂದು ಒಂದೇ ಕೈಯಲ್ಲಿ ಬಾನೆಟ್ ಎತ್ತಿದ. ಮಾಯಪ್ಪ ಕಪ್ಪು ಮುಖ ಹೊತ್ತು ಹೊರಬಂದು, ಸುಟ್ಟ ಪ್ಲಗ್ ತೋರಿಸಿ, ಹೊಸದನ್ನು ಕೂಡಿಸಲೂ ಇದೇ ರೀತಿ ಆಗಬೇಕು ಎಂದು ತುಂಬ ಅನುಭವಸ್ಥನಂತೆ ಹೇಳಿದ. ರೊಟ್ಟಿ ತಿಂದು ತಾನಾಗಿಯೇ ಒಳಗೆ ಬಗ್ಗಿದ. ಶಂಕ್ರವ್ವ ಮತ್ತೆ ಒತ್ತಿದಳು. ಜಾರದಂತೆ ಉದ್ದಪ್ಪ ಕಾಲು ಹಿಡಿದ.

ಮರುದಿನ ಮುಂಜಾನೆ ಭೀಮೇಶನ ಫೋನ್ ಬಂತು. ಗಾಡಿ ಒಂದೇ ಸಲಕ್ಕೆ ಶುರುವಾಗಿತ್ತು. ಬೆನ್ನಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದ ಮಾಯಪ್ಪ, ಹೆಂಡತಿಗೂ ಕೇಳಲೆಂದು ಸ್ಪೀಕರ್ ಹಾಕಿದ. ಮುಂದಿನ ಸರ್ವಿಸಿಂಗಿಗೆ ಯಾವಾಗ ತರಲಿ ಎಂದು ಭೀಮೇಶ ಕೇಳಿದಾಗ ಶಂಕ್ರವ್ವ ಎಣ್ಣೆಗೈಯಲ್ಲೇ ಫೋನ್ ತೆಗೆದುಕೊಂಡಳು.

"ಬರೂಕಿಂತ ಮೊದಲ ಒಂದು ಫೋನ್ ಮಾಡ್ರಿ ಅಣ್ಣಾರ. ನಾನೂ ಊರಾಗ ಇರಬೇಕಲ್ಲ."