ಮೋಟರ್ ಪೆಟ್ಟಿಗೆ ಮತ್ತು ಒಂದು ಆಣೆ

ತುರ್ವಿಹಾಳದಲ್ಲಿ ನಮ್ಮ ಗದ್ದೆ ಇರುವುದು ಕಾಲುವೆಯ ಕಟ್ಟಕಡೆಗೆ. ಮೇಲಿನವರು ಉಳಿಸಿದ್ದಷ್ಟೇ ನಮಗೆ ನೀರು. ಹಾಗಾಗಿ ಪಕ್ಕದ ಹಳ್ಳಕ್ಕೆ ಮೋಟರ್ ಇಟ್ಟುಕೊಂಡಿದ್ದೇವೆ. ಕರೆಂಟು ಬಂದಾಗ ಮೋಟರ್ ಹಾಕಿ, ಒಡ್ಡು ನೋಡಿಕೊಳ್ಳಲು ಹನ್ನೆರಡು ವರ್ಷ ಒಬ್ಬ ಕುರಿಗಾರ ನಮ್ಮಲ್ಲಿದ್ದ. ಹಳ್ಳದ ದಂಡೆಯಲ್ಲಿ ತನ್ನ ಕುರಿ ಮೇಯಿಸುತ್ತ ನಮ್ಮ ನೀರನ್ನೂ ಕಾಯುತ್ತಿದ್ದ.

ಆಮೇಲೆ ನಾನು ಸಿಂಧನೂರಿನಿಂದ ಒಂದು ಪೆಟ್ಟಿಗೆ ತಂದೆ. ಮನೆಯಲ್ಲಿ ಕೂತು ಫೋನ್ ಒತ್ತಿದರೆ ಅಲ್ಲಿ ಮೋಟರ್ ಶುರುವಾಗುತ್ತಿತ್ತು. ಮೊಣಕಾಲು ನೋವಿನವನಿಗೆ ಇನ್ನೇನು ಬೇಕು? ಹಳೆಯ ಸ್ಟಾರ್ಟರ್ ಕೀಳಿಸಿದೆ. ಇನ್ನು ಬರುವುದು ಬೇಡ ಎಂದು ಕುರಿಗಾರನಿಗೆ ಹೇಳಿದೆ. "ಚಲೋ ಆತ್ ಬಿಡ್ರಿ, ನಿಮ್ಮ ಕಾಲಿಗೆ ಆರಾಮ ಆಕ್ಕೈತಿ" ಎಂದು ಅವನು ಬೀಗದ ಕೈ ಕೊಟ್ಟು ಹೋದ.

ಎರಡು ವರ್ಷ ಸುಖವಾಗಿದ್ದೆ. ದಸರೆಗೆ ಪೆಟ್ಟಿಗೆಗೂ ಫೋನಿಗೂ ವಿಭೂತಿ ಹಚ್ಚಿದೆ. ಕಟ್ಟೆಯ ಮೇಲೆ ಚಹಾ ಕುಡಿಯುತ್ತ ನಾಲ್ಕು ಮಂದಿಯ ಮುಂದೆ ಮೋಟರ್ ಹಾಕಿ ತೋರಿಸುವ ಚಟವೂ ಹತ್ತಿತ್ತು. "ಸಣ್ಣ ಹುಡುಗರಿಗೆ ಗಿಲಕಿ ಸಿಕ್ಕಂಗ ಆಗೇತಿ ನಿಮಗ" ಎಂದು ಹೆಂಡತಿ ನಗುತ್ತಿದ್ದಳು.

ಭತ್ತ ತೆನೆ ಕಟ್ಟುವ ಹೊತ್ತಿಗೆ ಒಂದು ಮುಂಜಾನೆ ಎಷ್ಟು ಒತ್ತಿದರೂ ಮೋಟರ್ ಎದ್ದೇಳಲಿಲ್ಲ. ಕಾಲೆಳೆದುಕೊಂಡು ಹೊಲಕ್ಕೆ ಹೋದೆ. ಕರೆಂಟು ಇತ್ತು, ಪೆಟ್ಟಿಗೆಯ ಕೆಂಪು ದೀಪವೂ ಉರಿಯುತ್ತಿತ್ತು. ಪಕ್ಕದಲ್ಲೇ ಕುರಿಗಾರ ಕೂತಿದ್ದ.

"ಮೋಟರ್ ಸಪ್ಪಳ ಬರಲಿಲ್ಲ. ಅದಕ್ಕ ನೋಡಾಕ ಬಂದೀನ್ರಿ" ಎಂದ.

ಹನ್ನೆರಡು ವರ್ಷ ಆ ಸಪ್ಪಳ ಕೇಳಿದ ಕಿವಿ ಅದು, ಇವತ್ತು ನನಗೆ ಅರ್ಥವಾಗುತ್ತದೆ. ಅವತ್ತು ನನಗೆ ಹೊಳೆದದ್ದು ಒಂದೇ: ಕೆಲಸ ಬಿಡಿಸಿದ ಸಿಟ್ಟಿಗೆ ಇವನೇ ಏನೋ ಮಾಡಿದ್ದಾನೆ. ಹಾಗೆಂದು ಕಟ್ಟೆಯ ಮೇಲೆ ಹೇಳಿಯೂಬಿಟ್ಟೆ. ಅವನು ಇಲ್ಲ ಎಂದ. ಹಾಗಿದ್ದರೆ ಬೀರಪ್ಪನ ಗುಡಿಯಲ್ಲಿ ಭಂಡಾರ ಮುಟ್ಟಲಿ ಎಂದವನೂ ನಾನೇ.

ಭಂಡಾರವೆಂದರೆ ದೇವರ ಅರಿಶಿನ ಪುಡಿ. ಅದನ್ನು ಮುಟ್ಟಿ ಸುಳ್ಳು ಹೇಳಿದವನ ಹಟ್ಟಿಯಲ್ಲಿ ಕುರಿ ಉಳಿಯುವುದಿಲ್ಲ ಎಂದು ಕುರಿಗಾರರು ನಂಬುತ್ತಾರೆ. ಅವನು ಮುಟ್ಟಿದ. "ನಾ ಪೆಟ್ಟಿಗಿಗೆ ಕೈ ಹಚ್ಚಿಲ್ಲ" ಎಂದ. ಅವನ ಹೆಂಡತಿ ಗುಡಿಯ ಹೊರಗೆ, ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಮರುದಿನ ಪೆಟ್ಟಿಗೆ ಬಿಚ್ಚಿಸಿ ಸಿಂಧನೂರಿಗೆ ಒಯ್ದೆ. ಅಂಗಡಿಯವನು ಅದನ್ನು ತೆರೆದು ನೋಡುವ ಗೋಜಿಗೂ ಹೋಗಲಿಲ್ಲ. ಮೂಲೆಯಲ್ಲಿ ಅಂಥವೇ ಹತ್ತಾರು ಪೆಟ್ಟಿಗೆಗಳು ಬಿದ್ದಿದ್ದವು.

"ಕಂಪನಿ ಮುಚ್ಚ್ಯಾರ್ರಿ. ನೀವು ಒತ್ತಿದ್ದು ಮೊದಲು ಅವರ ಸರ್ವರ್‌ಗೆ ಹೋಗಿ, ಅಲ್ಲಿಂದ ನಿಮ್ಮ ಹೊಲಕ್ಕ ಬರ್ತಿತ್ತು. ಈಗ ಅದನ್ನ ಬಂದ್ ಮಾಡ್ಯಾರ. ಲಿಂಗಸುಗೂರು, ಮಸ್ಕಿ ಕಡಿಂದನೂ ಇವ ಬರಾಕತ್ತ್ಯಾವ" ಎಂದ.

ಒಂದು ಮೈಲಿ ದೂರದ ನನ್ನ ಹೊಲಕ್ಕೆ ನನ್ನ ಮಾತು ಎಲ್ಲೆಲ್ಲೋ ಸುತ್ತಿ ಹೋಗುತ್ತಿತ್ತು ಎನ್ನುವುದು ನನಗೆ ಅವತ್ತೇ ಗೊತ್ತಾದದ್ದು. ಕೈಯಿಂದ ಒತ್ತುವ ಸ್ಟಾರ್ಟರ್ ಕೊಂಡು ತಂದು ಹಾಕಿಸಿದೆ. ಭತ್ತ ಉಳಿಯಿತು.

ಆ ಸಂಜೆಯೇ ಕುರಿಗಾರನ ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ. ಮೊಣಕಾಲು ನೋವು ಎಂದುಕೊಂಡೆ. ಮಸ್ಕಿಯಲ್ಲಿ ಮದುವೆಯಿತ್ತು. ಆಮೇಲೆ ಕೊಯ್ಲಿಗೆ ಆಳು ಗೊತ್ತುಮಾಡುವ ಓಡಾಟ ಬಂತು. ನೆವ ಹುಡುಕುವವನಿಗೆ ನೆವಗಳಿಗೇನು ಬರ? ನಿಜ ಹೇಳಬೇಕೆಂದರೆ ನನಗೆ ನಾಚಿಕೆಯಾಗಿತ್ತು. ದಿನವೂ ಹೊಲಕ್ಕೆ ನಡೆದು, ಮೋಟರ್ ಹಾಕಿ, ದಣಿದು ಬಂದು ಮಲಗುತ್ತಿದ್ದೆ. ಹೀಗೆ ಇಪ್ಪತ್ತು ದಿನ ಕಳೆದವು.

ಕೊನೆಗೆ ಹೋದಾಗ ಅವನು ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ನಿಂತೇ ಹೇಳಿದೆ: ತಪ್ಪು ನಿನ್ನದಲ್ಲ, ಕಂಪನಿ ಮುಚ್ಚಿದ್ದಕ್ಕೆ ಪೆಟ್ಟಿಗೆ ನಿಂತಿತ್ತು, ಕಟ್ಟೆಯ ಮೇಲೂ ಎಲ್ಲರಿಗೂ ಹೇಳುತ್ತೇನೆ. ಅವನು ತಲೆ ಎತ್ತದೆ "ಆತ್ ಬಿಡ್ರಿ" ಎಂದ.

ಅವನ ಹೆಂಡತಿ ಒಲೆ ಬಿಟ್ಟು ಹೊರಗೆ ಬಂದಳು. "ಆಣಿ ಮಾಡಿ ಹದಿನೈದು ದಿನಕ್ಕ ಎರಡು ಮರಿ ಸತ್ತವ್ರಿ. ಅವತ್ತ ನಾನೂ ಕೇಳಿಬಿಟ್ಟೆ, ಖರೇ ಹೇಳು, ನೀ ಕೈ ಹಚ್ಚೀ ಏನು ಅಂತ. ಅವತ್ತಿಂದ ಇವ್ರು ನನ್ನ ಕೂಡ ಮಾತು ಬಿಟ್ಟಾರ್ರಿ."

ಅವನ ಕೈಯಲ್ಲಿ ಹಗ್ಗ ನಿಂತಿತು. ಮರಿಗಳು ಸಾಯುವ ಎಷ್ಟೋ ದಿನ ಮೊದಲೇ ನನಗೆ ಎಲ್ಲ ಗೊತ್ತಿತ್ತು.

"ನಿಮಗ ಯಾವಾಗ ಗೊತ್ತಾತ್ರೀ ಇದು?" ಎಂದು ಅವಳು ಕೇಳಿದಳು.

"ನಿನ್ನೆ" ಎಂದೆ.

ಆಣೆ ಕೇಳದೆಯೇ ಇಬ್ಬರೂ ನನ್ನ ಮಾತನ್ನು ನಂಬಿದರು.