ಅಕ್ಕನ ಗುಳಿಗೆ ಬಿಡಿಸಿದ ವಾದ

ಕಳೆದ ತಿಂಗಳು ನಾನೊಂದು ವಾದ ಗೆದ್ದೆ. ಸೋತಿದ್ದರೆ ಚೆನ್ನಾಗಿತ್ತು.

ಎದುರಾಳಿ ನನ್ನ ಅಕ್ಕ. ಆಗ ಆರು ತಿಂಗಳ ಬಸುರಿ. ದೇವದುರ್ಗದ ಗಂಡನ ಮನೆಯಿಂದ ಮಾನ್ವಿಯ ನಮ್ಮ ಮನೆಗೆ ಬಂದಿದ್ದಳು. ಎರಡು ವರ್ಷದಿಂದ ಖಿನ್ನತೆಗೆ ಗುಳಿಗೆ ತೆಗೆದುಕೊಳ್ಳುತ್ತಾಳೆ. ಬಸಿರಾದ ಮೇಲೂ ಮುಂದುವರಿಸಿ ಎಂದಿದ್ದರು ರಾಯಚೂರಿನ ಡಾಕ್ಟರಮ್ಮ. ನಾನು ಸುಮ್ಮನಿರಬೇಕಲ್ಲ? ಡಬ್ಬಿಯೊಳಗಿನ ಅಡ್ಡಪರಿಣಾಮಗಳ ಚೀಟಿ ಬಿಡಿಸಿ ಓದಿದೆ. (ಅದನ್ನು ಪೂರ್ತಿ ಓದಿದವನು ನೆಗಡಿ ಮಾತ್ರೆಯನ್ನೂ ನುಂಗಲಾರ.)

"ಕೂಸಿಗೆ ಏನೂ ಆಗಂಗಿಲ್ಲ ಅಂತ ಗ್ಯಾರಂಟಿ ಅದ ಏನು?"

"ಗ್ಯಾರಂಟಿ ಯಾರು ಕೊಡ್ತಾರ ಲೇ?"

"ಮತ್ತ ಯಾಕ ನುಂಗಾಕತ್ತಿ?"

ಅಕ್ಕ ಸುಮ್ಮನಾದಳು. ಕಾಲೇಜಿನ ಡಿಬೇಟಿನಲ್ಲಿ ಎದುರಿನವರು ಸುಮ್ಮನಾದರೆ ಪಾಯಿಂಟ್ ನಮ್ಮದು. ಮರುದಿನವೇ ಅವಳು ಗುಳಿಗೆ ಬಿಟ್ಟಳು. ಯಾರನ್ನೂ ಕೇಳಲಿಲ್ಲ.

ಏಳನೇ ತಿಂಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಬೀಗರು ಹಸಿರು ಸೀರೆ ತಂದರು. ಹಸಿರು ಬಳೆ ತೊಡಿಸಲು ಕೂತ ಬಳೆಗಾರ್ತಿ ಅಕ್ಕನ ಕೈ ಹಿಡಿದು ಹುಬ್ಬು ಗಂಟಿಕ್ಕಿದಳು. "ಏನ್ ಯವ್ವಾ, ಮದುವಿ ಅಳತಿ ಬಳಿನೇ ಸಡ್ಲ ಆಗ್ಯಾವ. ಬಸುರಿ ಕೈ ತುಂಬಬೇಕಲ್ಲ?"

"ದೃಷ್ಟಿ ಆಗ್ಯದ," ಎಂದಳು ಅಕ್ಕನ ಅತ್ತೆ. ಅಮ್ಮ ಉಪ್ಪು ನಿವಾಳಿಸಿದಳು. ಅಕ್ಕ ಊಟ ಬಿಟ್ಟು ಎಷ್ಟು ದಿನವಾಗಿತ್ತೋ, ಒಂದೇ ಮನೆಯಲ್ಲಿದ್ದ ನಾನು ನೋಡಿರಲಿಲ್ಲ.

ಅಡುಗೆಮನೆಯಲ್ಲಿ ಅಕ್ಕ ನನ್ನ ತೋಳು ಹಿಡಿದಳು. "ತಮ್ಮಾ, ಕೂಸು ಒದಿತದ. ನನಗ ಏನೂ ಅನ್ನಿಸವಲ್ದು. ಬದುಕಬೇಕು ಅಂತನೂ ಅನ್ನಿಸವಲ್ದು."

ಊಟಕ್ಕೆ ಎಲೆ ಹಾಕುವ ಮೊದಲೇ ಅಮ್ಮನೂ ಸೇರಿ ರಾಯಚೂರಿಗೆ ಹೊರಟೆವು. ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ವಾದ ಮಾಡುತ್ತಿದ್ದೆ.

"ತಗೊಂಡ್ರ ಏನಾಗ್ತದ ಅಂತ ಓದೀರಿ. ಬಿಟ್ರ ಏನಾಗ್ತದ ಅಂತ ಓದೀರೇನು?"

ಅಪಾಯ ಎರಡೂ ಕಡೆ ಇದೆ, ಅಕ್ಕನ ಮಟ್ಟಿಗೆ ಬಿಡುವುದೇ ಹೆಚ್ಚಿನ ಅಪಾಯ ಎಂದರು. ಗುಳಿಗೆ ಮತ್ತೆ ಶುರು. ಇನ್ನು ಕೇಳದೆ ಬಿಡುವಂತಿಲ್ಲ.

"ಮೊಲಿ ಹಾಲು ಕುಡಸಬಹುದೇನ್ರಿ?" ಅಮ್ಮ ಮೆಲ್ಲಗೆ ಕೇಳಿದಳು.

"ಕುಡಸಬಹುದ್ರಿ. ಈ ಗುಳಿಗಿ ಹಾಲಿನಾಗ ಬಾಳ ಕಡಿಮಿ ಹೋಗ್ತದ. ಕೂಸನ್ನ ನಾವೂ ನೋಡ್ಕೋತ ಇರ್ತೀವಿ."

ಗುಣ ಕಾಣಲು ವಾರಗಳೇ ಬೇಕಂತೆ. ಅಲ್ಲಿಯವರೆಗೆ ಅವಳನ್ನು ಒಬ್ಬಳೇ ಬಿಡಬೇಡಿ ಎಂದಿದ್ದಾರೆ. ನಿನ್ನೆ ಅರ್ಧ ರೊಟ್ಟಿ ತಿಂದಳು. ಇವತ್ತು ಅದೂ ಇಲ್ಲ. ನಾನು ಬಾಗಿಲಲ್ಲೇ ಸುಳಿದಾಡುತ್ತಿದ್ದೇನೆ. ಓಣಿಯ ಹೆಂಗಸರು ದಿನಾ ಬಂದು ನನ್ನದೇ ಹಳೆಯ ಪ್ರಶ್ನೆ ಕೇಳುತ್ತಾರೆ: ಕೂಸಿನ ಸಲುವಾಗಿ ಗುಳಿಗೆ ಬಿಡಬಾರದೇ?

ಈಗ ನನ್ನ ಪ್ರಶ್ನೆ ಬೇರೆ: ಬದುಕಬೇಕು ಅನ್ನಿಸುವ ತಾಯಿ ಹುಟ್ಟುವ ಕೂಸಿಗೆ ಬೇಡವೇ?