ಜಗಳೂರಿನಿಂದ ಬಂದ ತ್ರಿಕೋನ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಚನ್ನಗಿರಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ನನಗೆ ಗೊತ್ತುಮಾಡಿದ್ದ ವರ ಜಗಳೂರಿನಲ್ಲಿ ಮೇಷ್ಟ್ರು, ಅವರದೂ ಗಣಿತವೇ. ನಿಶ್ಚಿತಾರ್ಥ ಮುಗಿದಿತ್ತು, ಮದುವೆ ಇನ್ನೂ ದೂರವಿತ್ತು. ಅಲ್ಲಿಯವರೆಗೆ ಹುಡುಗ ಹುಡುಗಿ ಭೇಟಿಯಾಗುವುದು ನಮ್ಮ ಮನೆಯಲ್ಲಿ ಸಲ್ಲುತ್ತಿರಲಿಲ್ಲ. ಪಾಠದ ವಿಷಯ ಮಾತಾಡಿದರೆ ಮಾತ್ರ ಯಾರದೂ ತಕರಾರಿರಲಿಲ್ಲ.

ಅವರಿಗೆ ಆಗ ಒಂದೇ ಗುಂಗು. ತಲೆಯನ್ನು ಕೊಯ್ಯದೆ, ಸುತ್ತಲಿಂದ ಎಕ್ಸ್‌ರೇ ಹಾಯಿಸಿ, ಒಳಗಿನ ಚಿತ್ರ ತೆಗೆಯುವ ಯಂತ್ರ ಬಂದಿದೆಯೆಂದು ಎಲ್ಲೋ ಓದಿದ್ದರು. ಆ ಲೆಕ್ಕದ ರುಚಿ ಮಕ್ಕಳಿಗೂ ಹತ್ತಲೆಂದು ಒಂದು ಆಟ ಹೂಡಿದರು. ಅವರ ತರಗತಿಯವರು ಚೌಕಳಿ ಹಾಳೆಯ ಮೇಲೆ ಹುಣಸೆಬೀಜ ತುಂಬಿ ಒಂದು ಆಕಾರ ಮಾಡುವುದು. ಪ್ರತಿ ಅಡ್ಡಸಾಲಿನಲ್ಲಿ, ಪ್ರತಿ ಉದ್ದಸಾಲಿನಲ್ಲಿ ಎಷ್ಟೆಷ್ಟು ಬೀಜ ಇವೆಯೆಂದಷ್ಟೇ ನಮಗೆ ತಿಳಿಸುವುದು. ಆಕಾರ ಯಾವುದೆಂದು ನನ್ನ ಹುಡುಗಿಯರು ಕಂಡುಹಿಡಿಯಬೇಕು.

ಶನಿವಾರ ಶಾಲೆ ಬಿಟ್ಟ ಮೇಲೆ ನಾಲ್ಕೈದು ಹುಡುಗಿಯರೊಂದಿಗೆ ಅಂಚೆ ಕಚೇರಿಗೆ ಹೋದೆ. ಗೊತ್ತುಮಾಡಿಕೊಂಡ ಹೊತ್ತಿಗೆ ಜಗಳೂರಿನಿಂದ ಟ್ರಂಕ್ ಕಾಲ್ ಬಂತು. ಲೈನಿನಲ್ಲಿ ಒಗ್ಗರಣೆಗೆ ಸಾಸಿವೆ ಹಾಕಿದಂತೆ ಚಟಪಟ ಸದ್ದು.

"ಮೊದಲು ಅಡ್ಡಸಾಲು, ಮೇಲಿಂದ ಬರ್ಕೊಳ್ರಿ!" ಎಂದು ಅವರು ಕೂಗಿದರು.

ಒಂದು, ಆರು, ಐದು, ಏಳು ಎಂದು ನಾನೂ ಕೂಗುತ್ತ ಬರೆದೆ. ಉದ್ದಸಾಲು ಒಂದು, ಎರಡು, ಮೂರು, ನಾಲ್ಕು, ಮತ್ತೆ ಮೂರು, ಎರಡು, ಒಂದು. ಅಷ್ಟರಲ್ಲಿ ಲೈನ್ ಕಟ್ಟಾಯಿತು.

ಪೋಸ್ಟ್‌ಮಾಸ್ಟರು ಸೀಲು ಕೆಳಗಿಟ್ಟರು. "ಮೇಡಂ, ಇದು ಓಸಿ ಜೂಜು ಆಡೋರ ನಂಬರ್ ಅಲ್ಲ ತಾನೆ? ನನ್ನ ನೌಕರಿಗೆ ಕುತ್ತು ತರಬ್ಯಾಡ್ರಿ."

"ಜಾಮಿಟ್ರಿ ಸಾರ್," ಎಂದೆ.

"ಫೋನಿನಾಗೆ ಜಾಮಿಟ್ರಿ ಮಾಡೋರನ್ನ ಇವತ್ತೇ ನೋಡಿದ್ದು!" ಎನ್ನುತ್ತ ಅವರೂ ಹೊರಗೆ ಬಂದರು.

ಹುಡುಗಿಯರು ಜಗಲಿಯ ಮೇಲೆ ಸೀಮೆಸುಣ್ಣದಿಂದ ಚೌಕಳಿ ಮನೆ ಬರೆದು ಕೂತಿದ್ದರು. ಆಕಾರ ಕೂಡಲೊಲ್ಲದು. ಕೊನೆಗೆ ಕೆರೆಬಿಳಚಿಯಿಂದ ಬರುತ್ತಿದ್ದ ಹುಡುಗಿ ತಲೆ ಎತ್ತಿದಳು. "ಮೇಡಂ, ಅಡ್ಡ ಕೂಡಿದ್ರೆ ಹತ್ತೊಂಬತ್ತು, ಉದ್ದ ಕೂಡಿದ್ರೆ ಹದಿನಾರು. ಅವೇ ಬೀಜ ಅಲ್ಲೇನ್ರಿ? ಹೆಂಗೆ ಹೆಚ್ಚಾಗಾಕೆ ಸಾಧ್ಯ?"

"ಮೂರು ಹೆಚ್ಚಿಗೆ ಬಂದೈತೆ," ಎಂದಳು ಇನ್ನೊಬ್ಬಳು. "ಆರು ಅಂತ ಕೇಳಿಸಿದ್ದು ಮೂರು ಇರಬೇಕು!"

ಒಂದು, ಮೂರು, ಐದು, ಏಳು. ಕೆಳಗಿನಿಂದ ತುಂಬುತ್ತ ಹೋದರು. ಸೀಮೆಸುಣ್ಣದ ಚುಕ್ಕೆಗಳಲ್ಲಿ ತ್ರಿಕೋನ ಎದ್ದು ನಿಂತಾಗ ಸ್ಟಾಂಪಿಗೆ ಬಂದವರೂ ಚಪ್ಪಾಳೆ ತಟ್ಟಿದರು.

ಪೋಸ್ಟ್‌ಮಾಸ್ಟರು ತಾವೇ ಮುಂದಾಗಿ ಮತ್ತೊಂದು ಕಾಲ್ ಬುಕ್ ಮಾಡಿದರು. ಲೈನ್ ಸಿಕ್ಕಿದ್ದೇ ಹುಡುಗಿಯರೆಲ್ಲ ಒಟ್ಟಿಗೆ "ತ್ರಿಕೋನಾ!" ಎಂದು ಕಿರುಚಿದರು. ಆ ಕಡೆಯಿಂದಲೂ ಹೋ ಎಂಬ ಕೂಗು. ನಾನು ರಿಸೀವರ್ ಕಿವಿಯಿಂದ ದೂರ ಹಿಡಿದೆ. ಅವರು ಗದ್ದಲ ಮೀರಿಸಲು ಗಂಟಲು ಹರಿಯುವಂತೆ ಕೂಗಿದರು:

"ಭಾಳ ಖುಷಿ ಆತು! ನಿಮ್ಮನ್ನ ನೋಡಬೇಕು ಅನ್ನಿಸ್ತೈತೆ ರೀ!"

ಅಂಚೆ ಕಚೇರಿಯಲ್ಲಿ ಅದು ಕೇಳದವರು ಯಾರೂ ಇರಲಿಲ್ಲ.

"ಇದು ಯಾವ ಪಾಠದಾಗೆ ಬರತೈತ್ರಿ ಮೇಡಂ?" ಎಂದರು ಪೋಸ್ಟ್‌ಮಾಸ್ಟರು.

ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕೆ. ನಾನು ಮನೆ ಸೇರುವಷ್ಟರಲ್ಲಿ ಸುದ್ದಿ ಅಪ್ಪನಿಗೆ ಮುಟ್ಟಿತ್ತು. ಗದರುತ್ತಾರೆಂದು ಹೆದರಿ ಹೊಸ್ತಿಲಲ್ಲೇ ನಿಂತೆ. ಅಪ್ಪ ಅಮ್ಮನ ಕಡೆ ತಿರುಗಿ, "ಮುಂದಿನ ಭಾನುವಾರ ಅಳಿಯನಿಗೆ ಊಟಕ್ಕೆ ಬರಾಕೆ ಹೇಳಿ ಕಳಿಸೋಣ. ಹೋಳಿಗೆ ಮಾಡು," ಎಂದರು.

ಭಾನುವಾರ ಅವರು ಬಂದರು. ನನ್ನ ಹುಡುಗಿಯರೂ ಬಂದರು, ಯಾರೂ ಕರೆಯದಿದ್ದರೂ.